ಕೊಪ್ಪಳದಿಂದ ಕಡಲಿಗೆ ಸೈಕಲ್: ಲೆಕ್ಕ ಘಟ್ಟದಿಂದ ಹಿಂದಕ್ಕೆ ಹಾಕಿ

ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯಿಂದ ಸೈಕಲ್ ಮೇಲೆ ಸಮುದ್ರಕ್ಕೆ ಹೊರಟವರು ಬಹಳಷ್ಟು ಸಲ ಒಂದೇ ಜಾಗದಲ್ಲಿ ಕೈ ಚೆಲ್ಲುತ್ತಾರೆ. ಏರಿನಲ್ಲಲ್ಲ, ಬಿಸಿಲಿನಲ್ಲೂ ಅಲ್ಲ. ಘಟ್ಟದ ನೆತ್ತಿಯಲ್ಲಿ, ಸಂಜೆ ಐದೂವರೆಗೆ.

ನಾನೂ ಮೊದಲ ಸಲ ಅಲ್ಲೇ ಸೋತೆ. ಅಂಕೋಲಾಕ್ಕೆ ಸುಮಾರು 255 ಕಿ.ಮೀ., ದಿನಕ್ಕೆ 130 ಹೊಡೆದರೆ ಎರಡೇ ದಿನ ಅಂತ ಲೆಕ್ಕ ಹಾಕಿದ್ದೆ. ಎರಡನೇ ದಿನ ಅರಬೈಲ್ ಘಟ್ಟದ ಬಾಯಿಗೆ ಬಂದಾಗ ಸೂರ್ಯ ಮರಗಳ ಹಿಂದೆ ಇಳಿದಿದ್ದ. ಹಿಂದೆ ಮುಂದೆ ಲಾರಿ ಸಾಲು. ಬೆರಳು ಮಡಚಲು ಬಾರದಷ್ಟು ಜೋಮು. ಖಾಲಿ ಟೆಂಪೋ ಒಂದಕ್ಕೆ ಕೈ ಮಾಡಿ, ಸೈಕಲ್ ಹಾಕಿಕೊಂಡು ಇಳಿದೆ. ಕಡಲು ನೋಡಿದ್ದು ಟೆಂಪೋ ಕಿಟಕಿಯಿಂದ.

ತಪ್ಪು ಕಾಲಿನದ್ದಲ್ಲ, ಲೆಕ್ಕದ್ದು. ಮನೆಯಿಂದ ಮುಂದಕ್ಕೆ ಎಣಿಸಿದರೆ ಘಟ್ಟ ಯಾವ ಹೊತ್ತಿಗಾದರೂ ಬಂದು ಬೀಳುತ್ತದೆ. ಅದಕ್ಕೇ ಘಟ್ಟದ ದಿನ ಮತ್ತು ಹೊತ್ತನ್ನು ಮೊದಲು ಗೂಟ ಹೊಡೆದ ಹಾಗೆ ನಿಲ್ಲಿಸಿ, ಅಲ್ಲಿಂದ ಮನೆ ಕಡೆಗೆ ಎಣಿಸಿಕೊಂಡು ಬನ್ನಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸೈಕಲ್ ಸಾಮಾನು ಕೊಳ್ಳೋದರಿಂದ ಶುರು ಮಾಡಬೇಡಿ. ಎಲ್ಲರಿಗೂ ಅದೇ ಇಷ್ಟ ಅನ್ನೋದು ಗೊತ್ತು.

## 1. ತಿಂಗಳು ಆರಿಸಿ

ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಇದು ಬರೀ ತಂಪಿನ ಮಾತಲ್ಲ, ಗಾಳಿಯ ಮಾತು.

ಗದಗದ ಸುತ್ತ, ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಆ ಬಯಲಿನಲ್ಲಿ ಎದೆಗೆ ಗುದ್ದಿದ ಹಾಗೆ ಬೀಸುತ್ತದೆ. ನೀವು ಹೋಗೋದು ಪಡುವಣಕ್ಕೇ. ಗಂಟೆಗೆ 20 ಕಿ.ಮೀ. ಓಡಿಸುವವರು 12ಕ್ಕೆ ಇಳಿಯುತ್ತೀರಿ. ಚಳಿಗಾಲದಲ್ಲಿ ಮೂಡಣ ಗಾಳಿ ಜಾಸ್ತಿ, ಅದು ಬೆನ್ನಿಗೆ ಬೀಳುತ್ತದೆ.

ಮಳೆಗಾಲದ ಘಟ್ಟ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿದ್ದದ್ದು ನೆನಪಿದೆ ಅಲ್ವಾ? 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲೂ ಭೂಕುಸಿತವಾಗಿ ರಸ್ತೆ ಬಂದ್ ಆಗಿತ್ತು. ಹಸಿರು ನೋಡಬೇಕು ಅಂತಿದ್ದರೆ ನವೆಂಬರ್‌ನಲ್ಲೂ ಸಾಕಷ್ಟು ಇರುತ್ತದೆ.

ದಿನ ಗೊತ್ತು ಮಾಡುವ ಮುಂಚೆ ಜಾತ್ರೆ ಕ್ಯಾಲೆಂಡರ್ ನೋಡಿ. ಜನವರಿಯ ಗವಿಮಠದ ಜಾತ್ರೆ ಹೊತ್ತಿಗೆ ಕೊಪ್ಪಳದ ಸುತ್ತ ಯಾವ ರಸ್ತೆಯೂ ಖಾಲಿ ಇರೋದಿಲ್ಲ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ಅಲ್ಲಿ ರೂಮ್ ಸಿಗೋದು ಕಷ್ಟ. ಶಿವರಾತ್ರಿಗೆ ಗೋಕರ್ಣದಲ್ಲೂ ಅದೇ ಕಥೆ.

## 2. ಘಟ್ಟ ಆರಿಸಿ

ನಮ್ಮ ಕಡೆಯಿಂದ ಹೋಗುವವರಿಗೆ ಮುಖ್ಯವಾಗಿ ಎರಡು ಬಾಗಿಲು.

ಒಂದು ಅರಬೈಲ್. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ. ದಾರಿ ತಪ್ಪುವ ಭಯ ಇಲ್ಲ, ಊಟ ಸಿಗುತ್ತದೆ. ಆದರೆ ಹಗಲೂ ರಾತ್ರಿ ಭಾರದ ಲಾರಿಗಳು. ತಿರುವಿನಲ್ಲಿ ಎರಡು ಲಾರಿ ಎದುರುಬದುರಾದರೆ ಸೈಕಲ್ಲಿಗೆ ಉಳಿಯೋದು ಬಿಳಿ ಗೆರೆಯ ಆಚೆಯ ಜಲ್ಲಿ.

ಇನ್ನೊಂದು ದೇವಿಮನೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಮೊದಲ ಅರ್ಧ ಕಾಡಿನ ಏರಿಳಿತ, ದೇವಿಮನೆ ಹತ್ತಿರ ಘಟ್ಟ ಶುರು, ಕತಗಾಲ ಬರುವಷ್ಟರಲ್ಲಿ ಇಳಿಜಾರು ಮುಗಿದಿರುತ್ತದೆ. ಮೊದಲ ಸಲದವರಿಗೆ ನಾನು ಹೇಳೋದು ಇದನ್ನೇ.

ಒಂದು ಎಚ್ಚರಿಕೆ. ಈ ರಸ್ತೆಯನ್ನು ಅಗಲೀಕರಣ, ಸೇತುವೆ ಕೆಲಸ ಅಂತ ಜಿಲ್ಲಾಡಳಿತ ಆಗಾಗ ಮುಚ್ಚಿದ್ದುಂಟು. ಹೊರಡುವ ವಾರ ಶಿರಸಿಯ ಲಾಡ್ಜಿಗೋ ಬಸ್ ಸ್ಟ್ಯಾಂಡಿಗೋ ಫೋನ್ ಮಾಡಿ ಕೇಳಿ. ಫೋನಿನ ನಕ್ಷೆಯಲ್ಲಿ ರಸ್ತೆ ನೀಲಿಯಾಗಿ ಕಂಡರೆ ಅದು ತೆರೆದಿದೆ ಅಂತಲ್ಲ. ಮುಚ್ಚಿದ್ದರೆ ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿ.ಮೀ. ಹೋಗಿ, ಅಲ್ಲಿ ತಂಗಿ, ಮರುದಿನ ಅರಬೈಲ್ ಇಳಿಯಬೇಕು. ಅದಕ್ಕಾಗಿ ಒಂದು ದಿನ ಜಾಸ್ತಿ ಇಟ್ಟುಕೊಂಡೇ ರಜೆ ಬರೆಯಿರಿ.

## 3. ಘಟ್ಟದಿಂದ ಮನೆ ಕಡೆಗೆ ಎಣಿಸಿ

ಈಗ ಕಾಗದ ತೆಗೆದುಕೊಳ್ಳಿ. ಕೊನೆಯ ಸಾಲಿನಿಂದ ಬರೆಯಿರಿ.

ಘಟ್ಟ ಇಳಿಯಬೇಕಾದದ್ದು ಬೆಳಿಗ್ಗೆ, ತಾಜಾ ಕೈಯಲ್ಲಿ. ಹಾಗಾದರೆ ಹಿಂದಿನ ರಾತ್ರಿ ಶಿರಸಿಯಲ್ಲೇ ಮಲಗಿರಬೇಕು. ಶಿರಸಿ ಮುಟ್ಟುವ ಆ ದಿನ ಹಗುರವಾಗಿರಬೇಕು, ಅಂದರೆ ಮುಂಡಗೋಡದಿಂದ ಶಿರಸಿ, ಸುಮಾರು 50 ಕಿ.ಮೀ. ಅದಕ್ಕೂ ಹಿಂದಿನ ದಿನ ಲಕ್ಷ್ಮೇಶ್ವರದಿಂದ ಸವಣೂರು, ಬಂಕಾಪುರದ ಮೇಲೆ ಮುಂಡಗೋಡ, ಸುಮಾರು 70 ಕಿ.ಮೀ. ಮೊದಲ ದಿನ ಕೊಪ್ಪಳದಿಂದ ಗದಗ, ಮುಳಗುಂದದ ಮೇಲೆ ಲಕ್ಷ್ಮೇಶ್ವರ, ಸುಮಾರು 100 ಕಿ.ಮೀ.

ಈಗ ಮೇಲಿನಿಂದ ಕೆಳಗೆ ಓದಿ: 100, 70, 50, 60. ದೊಡ್ಡ ದಿನ ಮೊದಲು, ಬಯಲಿನಲ್ಲಿ. ಘಟ್ಟ ಹತ್ತಿರ ಬಂದ ಹಾಗೆ ದಿನ ಸಣ್ಣದಾಗುತ್ತದೆ. ಹೆಚ್ಚಿನವರ ಪ್ಲ್ಯಾನ್ ಇದಕ್ಕೆ ಪೂರ್ತಿ ಉಲ್ಟಾ ಇರುತ್ತದೆ, ಮೊದಲ ದಿನ ಮೈ ಸಡಿಲಿಸಲು 60, ಆಮೇಲೆ 90, ಕೊನೆಗೆ ಜೋಶ್ ಬಂದು 120. ಆ 120ರ ಕೊನೆಗೇ ಘಟ್ಟ ಕಾದಿರುತ್ತದೆ.

ಬಳ್ಳಾರಿಯವರು ಮುಂದುಗಡೆ ಒಂದು ದಿನ ಸೇರಿಸಿಕೊಳ್ಳಿ. ಹೊಸಪೇಟೆ ಮೇಲೆ ಕೊಪ್ಪಳಕ್ಕೆ 95 ಕಿ.ಮೀ. ಆಸುಪಾಸು. ತೋರಣಗಲ್ಲು ದಾಟುವವರೆಗೆ ಅದಿರು ಲಾರಿಗಳ ಹಾವಳಿ, ರಸ್ತೆ ಅಂಚಿನಲ್ಲಿ ಕೆಂಪು ಧೂಳು, ಆದ್ದರಿಂದ ಬೆಳಕು ಹರಿಯುತ್ತಲೇ ಬಿಡಿ. ರಾಯಚೂರಿನವರಿಗೆ ಎರಡು ದಿನ ಬೇಕು, ಮಾನ್ವಿ ಮೇಲೆ ಸಿಂಧನೂರು, ಮರುದಿನ ಕಾರಟಗಿ, ಗಂಗಾವತಿ ಮೇಲೆ ಕೊಪ್ಪಳ. ಸುಗ್ಗಿ ಹೊತ್ತಿನಲ್ಲಿ ಆ ಕಡೆ ಅರ್ಧ ರಸ್ತೆ ಮೇಲೆ ಭತ್ತ ಒಣಹಾಕಿರುತ್ತಾರೆ. ಭತ್ತದ ಮೇಲೆ ಸಣ್ಣ ಟೈರು ಜಾರುತ್ತದೆ. ಬದಿಗಿಟ್ಟ ಕಲ್ಲುಗಳು ಮುಸ್ಸಂಜೆಗೆ ಕಾಣೋದೂ ಇಲ್ಲ.

ಹೊತ್ತಿನ ಲೆಕ್ಕವನ್ನು ಹೀಗೆ ಹಾಕಿ. ಚಹಾ, ಊಟ, ಪಂಕ್ಚರ್ ಎಲ್ಲ ಸೇರಿ ಬಯಲಿನಲ್ಲಿ ಗಂಟೆಗೆ 15 ಕಿ.ಮೀ., ಮಲೆನಾಡಿನಲ್ಲಿ 12. ಡಿಸೆಂಬರ್‌ನಲ್ಲಿ ಬೆಳಕು ಹನ್ನೊಂದು ಗಂಟೆಯಷ್ಟೇ, ಕಾಡಿನೊಳಗೆ ಇನ್ನೂ ಕಮ್ಮಿ. ಮಧ್ಯಾಹ್ನ ಮೂರೂವರೆಗೆ ತಂಗುವ ಊರು ಮುಟ್ಟುವ ಹಾಗೆ ದಿನ ಕತ್ತರಿಸಿ. ಸಂಜೆ ಆರಕ್ಕೆ ಮುಟ್ಟುವ ಪ್ಲ್ಯಾನ್ ಒಂದು ಪಂಕ್ಚರ್ ಆದರೆ ಎಂಟಕ್ಕೆ ಮುಟ್ಟುತ್ತದೆ.

## 4. ನಕ್ಷೆಯ ಎತ್ತರ ಓದಿ

ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರ, ಶಿರಸಿ ಸುಮಾರು 590. ಬರೀ 60 ಮೀಟರ್ ವ್ಯತ್ಯಾಸ, ಏರೇ ಇಲ್ಲ ಅಂತ ಖುಷಿಪಡಬೇಡಿ. ಈ ಎರಡು ಅಂಕಿಗಳ ನಡುವೆ ಗದಗ 650ರ ಹತ್ತಿರ ಇದೆ. ಮುಂಡಗೋಡ ದಾಟಿದ ಮೇಲೆ ರಸ್ತೆ ಸಣ್ಣ ಸಣ್ಣ ದಿಬ್ಬಗಳನ್ನು ಏರಿ ಇಳಿಯುತ್ತಲೇ ಇರುತ್ತದೆ. ರೈಡ್ ವಿತ್ ಜಿಪಿಎಸ್, ಕೊಮೂಟ್‌ನಂಥ ಆ್ಯಪಿನಲ್ಲಿ ದಾರಿ ಗುರುತಿಸಿ, ಒಟ್ಟು ಏರು ಎಷ್ಟು ಮೀಟರ್ ಅನ್ನೋ ಅಂಕಿ ನೋಡಿ. ಊರುಗಳ ಎತ್ತರ ಕಳೆದು ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಇನ್ನೊಂದು ಸಾಮಾನ್ಯ ತಪ್ಪು, ನಕ್ಷೆ ತೋರಿಸುವ ಅಡ್ಡದಾರಿ. ನಮ್ಮ ಕಡೆ ಅಡ್ಡದಾರಿ ಅಂದರೆ ಎರೆ ಹೊಲದ ದಾರಿ. ಒಂದು ಮಳೆ ಬಿದ್ದರೆ ಎರೆಮಣ್ಣು ಟೈರು ಮತ್ತು ಬ್ರೇಕಿನ ನಡುವೆ ಹಿಟ್ಟಿನ ಹಾಗೆ ಮೆತ್ತಿಕೊಂಡು ಚಕ್ರ ತಿರುಗೋದೇ ನಿಲ್ಲುತ್ತದೆ. ಮಲೆನಾಡಿನಲ್ಲಿ ಅಡ್ಡದಾರಿ ಅಂದರೆ ಯಾರದೋ ತೋಟದ ಗೇಟು. 8 ಕಿ.ಮೀ. ಉಳಿಸಲು ಹೋಗಿ ಎರಡು ಗಂಟೆ ಕಳೆದವರನ್ನು ಕಂಡಿದ್ದೇನೆ. ಡಾಂಬರು ಬಿಡಬೇಡಿ.

ಕಾಡಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಜೊತೆಗೆ ಒಂದು ಚೀಟಿಯಲ್ಲಿ ಊರುಗಳ ಹೆಸರು, ನಡುವಿನ ದೂರ, ತಿರುಗಬೇಕಾದ ಕ್ರಾಸ್ ಬರೆದು ಹ್ಯಾಂಡಲ್ಲಿಗೆ ಟೇಪ್ ಹಚ್ಚಿ. ಇದೇ ಚೀಟಿಯ ಇನ್ನೊಂದು ಪ್ರತಿ ಮನೆಯಲ್ಲಿರಲಿ. ನಮ್ಮವ್ವ ಅದನ್ನು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಈ ಊರಿಗೆಲ್ಲ ಬಸ್ ಇಲ್ಲೇನಪಾ?"

## 5. ಸೈಕಲ್ ತಯಾರು ಮಾಡಿ

ಹೊಸ ಸೈಕಲ್ ಬೇಡ, ಓಡಿಸಿ ಪಳಗಿದ್ದು ಬೇಕು. ನೋಡಬೇಕಾದದ್ದು ಮೂರು ಜಾಗ.

ಬ್ರೇಕ್. ಪ್ಯಾಡಿನ ಮೇಲಿನ ಗೀರುಗಳು ಕಾಣದಷ್ಟು ಸವೆದಿದ್ದರೆ ಬದಲಿಸಿ. ಹೊಸದು ಹಾಕಿದ ಮೇಲೆ ಕನಿಷ್ಠ 100 ಕಿ.ಮೀ. ಓಡಿಸಿಯೇ ಹೊರಡಿ. ಬ್ರೇಕ್ ಕೇಬಲ್ ಎಳೆ ಬಿಟ್ಟಿದ್ದರೆ ಮುಲಾಜಿಲ್ಲದೆ ಹೊಸದು ಹಾಕಿಸಿ.

ಟೈರು. 23 ಎಂಎಂ ಅಗಲದ್ದು ಬೇಡ. 28 ಅಥವಾ 32 ಹಿಡಿಸಿದರೆ ಅದನ್ನೇ ಹಾಕಿ. ನಮ್ಮ ಶತ್ರು ಬಳ್ಳಾರಿ ಜಾಲಿ. ರಸ್ತೆ ಬದಿಯ ಜಾಲಿ ಕಡಿದು ಎಳೆದುಕೊಂಡು ಹೋದ ಮೇಲೆ ಮುಳ್ಳು ಅಂಚಿನಲ್ಲೇ ಉಳಿದಿರುತ್ತದೆ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸಿ ಹೊರಟರೆ ಅರ್ಧ ಕಿಲೋಮೀಟರಿನಲ್ಲಿ ಮತ್ತೆ ಪಂಕ್ಚರ್, ಯಾಕಂದರೆ ಮುರಿದ ಮುಳ್ಳಿನ ತುದಿ ಟೈರಿನೊಳಗೇ ಇರುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ, ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹುಡುಕಿ. ಬರಿಗೈ ಹಾಕಬೇಡಿ.

ಗೇರು. ಹಿಂದಿನ ದೊಡ್ಡ ಹಲ್ಲುಚಕ್ರ 32 ಹಲ್ಲಿನದ್ದಾದರೂ ಇರಲಿ. ಬಯಲಿನಲ್ಲಿ ಬೇಕಾಗೋದಿಲ್ಲ, ಶಿರಸಿ ದಾರಿಯಲ್ಲಿ ಬ್ಯಾಗ್ ಹೊತ್ತಾಗ ಗೊತ್ತಾಗುತ್ತದೆ.

ಒಯ್ಯಬೇಕಾದ ಸಾಮಾನು: ಎರಡು ಟ್ಯೂಬ್, ಪ್ಯಾಚ್ ಡಬ್ಬಿ, ಟೈರ್ ಲಿವರ್, ಪಂಪ್, ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸಲು ಒಂದು ಕ್ವಿಕ್ ಲಿಂಕ್ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್, ಹಿಂದೆ ಮುಂದೆ ಲೈಟ್, ಹೊಳೆಯುವ ಜಾಕೆಟ್. ಇದರ ಜೊತೆ ಎಲ್ಲರೂ ಮರೆಯುವ ಒಂದು ಸಣ್ಣ ಹಿತ್ತಾಳೆ ತುಂಡು, ಪ್ರೆಸ್ಟಾ ವಾಲ್ವಿಗೆ (ರೋಡ್ ಬೈಕ್ ಟ್ಯೂಬಿನ ಸಣ್ಣ ಬಾಯಿಯ ವಾಲ್ವ್) ಹಾಕುವ ಅಡಾಪ್ಟರ್. ಅದಿಲ್ಲದಿದ್ದರೆ ದಾರಿಯ ಪಂಕ್ಚರ್ ಅಂಗಡಿಯವರು ಬೈಕಿಗೆ ಗಾಳಿ ತುಂಬುವ ಪೈಪಿನಿಂದ ನಿಮ್ಮ ಟ್ಯೂಬಿಗೆ ಗಾಳಿ ತುಂಬಲಾಗದು. ರೋಡ್ ಬೈಕಿನ ಟ್ಯೂಬ್ ದಾರಿಯ ಸಣ್ಣ ಊರುಗಳಲ್ಲಿ ಸಿಗುತ್ತದೆ ಅಂತ ನಂಬಿ ಹೊರಡಬೇಡಿ.

ಗುಂಪಿನಲ್ಲಿ ಹೋಗುವವರಿಗೆ ಒಂದು ಮಾತು. ಪಂಪ್, ಟೂಲ್ ಎಲ್ಲ ಕೊನೆಯವರ ಬ್ಯಾಗಿನಲ್ಲಿರಲಿ. ಮುಂದೆ ಹಾರಿಹೋದವರ ಹತ್ತಿರ ಪಂಪ್ ಇದ್ದರೆ ಹಿಂದೆ ಪಂಕ್ಚರ್ ಆದವರು ಏನು ಮಾಡಬೇಕು?

## 6. ಎರಡು ದಿನದ ಪರೀಕ್ಷೆ

ಒಂದೇ ದಿನ 150 ಕಿ.ಮೀ. ಹೊಡೆದಿದ್ದೇನೆ, ಸಾಕು ಅನ್ನುವವರೇ ಮೂರನೇ ದಿನ ಕೂರಲಾರದೆ ಬಸ್ ಹತ್ತುತ್ತಾರೆ. ಹೊರಡುವ ಮೂರು ವಾರ ಮೊದಲು, ಪೂರ್ತಿ ಬ್ಯಾಗ್ ಕಟ್ಟಿಕೊಂಡು, ಶನಿವಾರ 80, ಭಾನುವಾರ ಮತ್ತೆ 70 ಓಡಿಸಿ. ಪರೀಕ್ಷೆ ಇರೋದು ಭಾನುವಾರ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ.

ಇಳಿಜಾರಿನ ಅಭ್ಯಾಸ ಬೇರೆ ಬೇಕು. ರಾಯಚೂರಿನವರಿಗೆ ಊರ ಹತ್ತಿರ ಉದ್ದದ ಇಳಿಜಾರು ಸಿಗೋದು ಕಷ್ಟ. ಸಂಡೂರಿನ ಗುಡ್ಡದ ರಸ್ತೆಗಳು, ಅದರಲ್ಲೂ ಕುಮಾರಸ್ವಾಮಿ ಗುಡಿಯ ದಾರಿ ಇದಕ್ಕೆ ಒಳ್ಳೆಯದು. ಏರಿ ಸುಸ್ತಾದ ಮೇಲೆ ನಿಧಾನವಾಗಿ ಇಳಿದು ನೋಡಿ. ಕೈ ಎಷ್ಟು ಹೊತ್ತಿಗೆ ನೋಯುತ್ತದೆ ಅನ್ನೋದು ಅಲ್ಲಿ ತಿಳಿಯುತ್ತದೆ.

ಎಚ್ಚರಿಕೆಯ ಗುರುತುಗಳು: ಬೆರಳಿನ ಜೋಮು ರಾತ್ರಿಯಾದರೂ ಬಿಡದಿರೋದು, ಮಂಡಿಯ ಮುಂಭಾಗದ ನೋವು, ತೊಡೆ ಸಂದಿಯ ಉರಿ. ಜೋಮಿಗೆ ಹ್ಯಾಂಡಲ್ ತುಸು ಎತ್ತರಿಸಿ, ಮಂಡಿ ನೋವಿಗೆ ಸೀಟ್ ತುಸು ಎತ್ತರಿಸಿ ನೋಡಿ. ಇದನ್ನು ಈಗಲೇ ಸರಿ ಮಾಡಿ. ಹೊರಟ ಮೇಲೆ ಸೀಟಿನ ಎತ್ತರ ಮುಟ್ಟಬೇಡಿ.

## 7. ಬಯಲಿನ ದಿನಗಳು

ಬೆಳಿಗ್ಗೆ ಆರೂವರೆಗೆ ಹೊರಟರೆ ಭಾನಾಪುರ, ಬನ್ನಿಕೊಪ್ಪ, ಲಕ್ಕುಂಡಿ ದಾಟಿ ಹನ್ನೊಂದರ ಒಳಗೆ ಗದಗ. ಬೆನ್ನಿಗೆ ಬಿಸಿಲು, ಬೆನ್ನಿಗೆ ಗಾಳಿ, ಕಾಲು ತಾನಾಗೇ ಓಡುತ್ತದೆ. ಇಲ್ಲೇ ಜನ ಸುಮ್ನೆ ಶಕ್ತಿ ಸುಡುತ್ತಾರೆ. ಪಕ್ಕದವರ ಜೊತೆ ಮಾತಾಡಲು ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಗಿದೆ ಅಂತ ತಿಳಿಯಿರಿ.

ನೀರಿಗೆ ಹಳ್ಳಿಗಳ ಶುದ್ಧ ನೀರಿನ ಘಟಕಗಳಿವೆ. ಜೇಬಿನಲ್ಲಿ ನಾಣ್ಯ ಇಟ್ಟುಕೊಳ್ಳಿ, ಬಹಳ ಕಡೆ ಮಷಿನ್ ನೋಟು ತಿನ್ನೋದಿಲ್ಲ. ನಮ್ಮ ಕಡೆಯ ಬೋರ್ ನೀರು ಸವುಳು, ಅದನ್ನು ಬಾಟಲಿಗೆ ತುಂಬಬೇಡಿ. ತಿನ್ನಲು ಶೇಂಗಾ ಉಂಡಿ, ಬಾಳೆಹಣ್ಣು, ಬೆಲ್ಲ. ಗಂಟೆಗೊಮ್ಮೆ ತುಸು ತಿನ್ನಿ, ಹಸಿವಾಗೋವರೆಗೆ ಕಾಯಬೇಡಿ. ಗಿರ್ಮಿಟ್, ಮಿರ್ಚಿ ಬಿಡಲಾಗದ ಸೆಳೆತ ನನಗೂ ಗೊತ್ತು. ರೂಮ್ ಮುಟ್ಟಿದ ಮೇಲೆ ತಿನ್ನಿ.

ಉಚ್ಚೆ ಕಡು ಹಳದಿಯಾದರೆ, ಬಿಸಿಲಲ್ಲೂ ಮೈ ನಡುಗಿದರೆ, ಪಕ್ಕದವರ ಮಾತಿಗೆ ಸಿಟ್ಟು ಬರತೊಡಗಿದರೆ ನೆರಳಿಗೆ ಹೋಗಿ ಓಆರ್‌ಎಸ್ ಕುಡಿದು ಅರ್ಧ ಗಂಟೆ ಕೂರಿ.

## 8. ಘಟ್ಟ ಇಳಿಯುವ ದಿನ

ಬೆಳಿಗ್ಗೆ ಅಂದೆ, ಆದರೆ ನಸುಕಿನಲ್ಲಿ ಅಲ್ಲ. ಚಳಿಗಾಲದ ಶಿರಸಿಯಲ್ಲಿ ಮಂಜು ಗಟ್ಟಿ. ಒಂದು ಸಲ ಆರಕ್ಕೇ ಬ್ಯಾಗ್ ಕಟ್ಟಿ ನಿಂತಿದ್ದೆ. ಲಾಡ್ಜಿನ ಹಿರಿಯರು ಗೇಟ್ ತೆಗೆಯಲೇ ಇಲ್ಲ. "ಮಂಜು ಬಿಡ್ಲಿ ಮಾರಾಯ್ರೆ, ಕಡಲೇನು ಓಡಿ ಹೋಗ್ತದಾ?" ಅಂದರು. ಏಳೂವರೆ, ಎಂಟಕ್ಕೆ ಹೊರಡಿ. ಮೊದಲ ಅರ್ಧದ ಏರಿಳಿತ ಮುಗಿಸಿ ದೇವಿಮನೆ ಮುಟ್ಟುವಾಗ ಹತ್ತೂವರೆ ಆಗುತ್ತದೆ, ರಸ್ತೆ ಒಣಗಿರುತ್ತದೆ.

ನೆತ್ತಿಯಲ್ಲಿ ನಿಲ್ಲಿ. ಹತ್ತು ನಿಮಿಷ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಲಿವರ್ ಹ್ಯಾಂಡಲ್ಲಿಗೆ ತಾಗುತ್ತಿದ್ದರೆ ಕೇಬಲ್ ಬಿಗಿ ಮಾಡಿ. ಚಕ್ರದ ಲಾಕ್, ಬ್ಯಾಗಿನ ಪಟ್ಟಿ ನೋಡಿ, ನೇತಾಡುವ ಪಟ್ಟಿ ಚಕ್ರಕ್ಕೆ ಸಿಕ್ಕರೆ ಮುಗಿಯಿತು. ಇಯರ್‌ಫೋನ್ ತೆಗೆಯಿರಿ.

ಹಿಡಿದು ಬಿಡಿ, ಹಿಡಿದುಕೊಂಡೇ ಇರಬೇಡಿ. ಹೆದರಿಕೆಗೆ ಎಲ್ಲರೂ ಮಾಡುವ ತಪ್ಪು, ಬ್ರೇಕನ್ನು ಮೇಲಿನಿಂದ ಕೆಳಗಿನವರೆಗೆ ಸಣ್ಣಗೆ ಒತ್ತಿಕೊಂಡೇ ಇಳಿಯೋದು. ರಿಮ್ಮಿಗೆ ತಣ್ಣಗಾಗಲು ಹೊತ್ತೇ ಸಿಗೋದಿಲ್ಲ. ಕಾವು ಏರಿ ಟ್ಯೂಬ್ ಒಡೆಯಬಹುದು. ಡಿಸ್ಕ್ ಬ್ರೇಕಾದರೆ ಹಿಡಿತ ಕಮ್ಮಿಯಾಗುತ್ತ ಹೋಗುತ್ತದೆ. ಎರಡೂ ಬ್ರೇಕನ್ನು ಒಟ್ಟಿಗೆ, ಗಟ್ಟಿಯಾಗಿ, ಎರಡು ಮೂರು ಸೆಕೆಂಡ್ ಹಿಡಿಯಿರಿ. ವೇಗ ಇಳಿದ ಮೇಲೆ ಪೂರ್ತಿ ಬಿಡಿ. ಮತ್ತೆ ಹಿಡಿಯಿರಿ. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಚಕ್ರ ಜಾರುತ್ತದೆ, ಮುಂದಿನದ್ದನ್ನು ಒಮ್ಮೆಲೇ ಒತ್ತಿದರೆ ಮುಗ್ಗರಿಸುತ್ತೀರಿ.

ತಿರುವಿನ ಮೊದಲೇ ನಿಧಾನವಾಗಿ. ಬ್ರೇಕಿನ ಕೆಲಸ ತಿರುವು ಶುರುವಾಗುವ ಮುಂಚೆಯೇ ಮುಗಿದಿರಬೇಕು. ತಿರುವಿನ ನಡುವೆ ಬ್ರೇಕ್ ಹಿಡಿಯುವ ಹಾಗಾದರೆ ಬಂದ ವೇಗ ಜಾಸ್ತಿ ಅಂತಲೇ ಅರ್ಥ. ಹೊರಬದಿಯ ಪೆಡಲ್ ಕೆಳಗೆ, ಭಾರ ಅದರ ಮೇಲೆ. ಕಣ್ಣು ತಿರುವಿನ ಕೊನೆಯಲ್ಲಿರಲಿ. ಮುಂದಿನ ಗುಂಡಿಯನ್ನೇ ದಿಟ್ಟಿಸಿದರೆ ಸೈಕಲ್ ಅದರೊಳಗೇ ಹೋಗುತ್ತದೆ. ಕೆಳಕ್ಕೆ ಬಾಗಿದ ಹ್ಯಾಂಡಲ್ಲಾದರೆ ಕೈ ಅದರ ಕೆಳಭಾಗದಲ್ಲಿರಲಿ, ಅಲ್ಲಿಂದ ಬ್ರೇಕಿನ ಹಿಡಿತ ಹೆಚ್ಚು.

ಲಾರಿ ಹಿಂದಿಕ್ಕಬೇಡಿ. ಇಳಿಜಾರಿನಲ್ಲಿ ಸೈಕಲ್ ಲಾರಿಗಿಂತ ಜೋರು ಓಡುತ್ತದೆ, ಆಸೆ ಆಗುತ್ತದೆ. ತಿರುವಿನಲ್ಲಿ ಉದ್ದದ ಲಾರಿಯ ಹಿಂಭಾಗ ಒಳಗೆ ಎಳೆದುಕೊಂಡು ಬರುತ್ತದೆ. ಎಡಕ್ಕೆ ನುಗ್ಗಿದವರಿಗೆ ಜಾಗವೇ ಉಳಿಯೋದಿಲ್ಲ. ನಿಂತು ಅದನ್ನು ದೂರ ಹೋಗಲು ಬಿಡಿ. ಮುಂದಿನ ಲಾರಿಯಿಂದ ಸುಟ್ಟ ವಾಸನೆ ಬಂದರೆ ಅದರ ಬ್ರೇಕ್ ಕಾದಿದೆ ಅಂತ, ಇನ್ನೂ ಹಿಂದೆ ನಿಲ್ಲಿ. ನಿಮ್ಮ ಹಿಂದೆ ಲಾರಿ ಹಾರ್ನ್ ಹೊಡೆದರೆ ಅಗಲ ಜಾಗ ನೋಡಿ ಪೂರ್ತಿ ನಿಂತು ದಾರಿ ಕೊಡಿ.

ತಕ್ಷಣ ನಿಲ್ಲಬೇಕಾದ ಗುರುತುಗಳು ಇವು: ನಿಮ್ಮದೇ ಚಕ್ರದಿಂದ ರಬ್ಬರ್ ಸುಟ್ಟ ವಾಸನೆ, ಬ್ರೇಕ್ ಕಿರುಚುವ ಸದ್ದು ಬದಲಾಗೋದು, ಲಿವರ್ ಮೊದಲಿಗಿಂತ ಆಳಕ್ಕೆ ಹೋಗೋದು, ಹ್ಯಾಂಡಲ್ ನಡುಗೋದು, ಬೆರಳಿಗೆ ಹಿಡಿತ ಸಿಗದಿರೋದು. ನಿಂತರೆ ರಿಮ್ ಆಗಲಿ ಡಿಸ್ಕ್ ಆಗಲಿ ಮುಟ್ಟಬೇಡಿ, ಸುಡುತ್ತದೆ. ನೀರು ಸುರಿಯಲೂ ಬೇಡಿ. ಹತ್ತು ನಿಮಿಷ ಸುಮ್ನೆ ನಿಲ್ಲಿ. ಏನೂ ಆಗದಿದ್ದರೂ ಎರಡು ಮೂರು ಕಿ.ಮೀ.ಗೆ ಒಮ್ಮೆ ನಿಂತು ಕೈ ಜಾಡಿಸಿ. ಬಿದ್ದು ಪೆಟ್ಟಾದರೆ 108, ಬೇರೆ ಯಾವ ತುರ್ತಿಗೂ 112.

## 9. ಕಡಲ ಬದಿ ಮತ್ತು ವಾಪಸ್

ಕತಗಾಲ ದಾಟಿದ ಮೇಲೆ ಸೆಖೆ ಹೊಡೆಯುತ್ತದೆ. ಬಯಲುಸೀಮೆಯ ಬಿಸಿಲಿಗೆ ಒಗ್ಗಿದವರಿಗೂ ಈ ಬೆವರು ಹೊಸದು, ನೀರು ಜಾಸ್ತಿ ಕುಡಿಯಿರಿ. ಕುಮಟಾದಿಂದ ಗೋಕರ್ಣಕ್ಕೆ ಹೋಗಲು ಹೆದ್ದಾರಿ 66 ಹಿಡಿದು ಮಿರ್ಜಾನ್ ಮೇಲೆ ಮಾದನಗೇರಿಯಲ್ಲಿ ತಿರುಗಬಹುದು. ನನಗೆ ಇಷ್ಟವಾದದ್ದು ಅಘನಾಶಿನಿ ಊರಿಗೆ ಹೋಗಿ, ದೋಣಿಯಲ್ಲಿ ಸೈಕಲ್ ಹಾಕಿಕೊಂಡು ತದಡಿಗೆ ದಾಟೋದು. ದೋಣಿಯ ಹೊತ್ತನ್ನು ಕುಮಟಾದಲ್ಲೇ ಕೇಳಿಕೊಳ್ಳಿ.

ವಾಪಸ್ ಬರೋದನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿ. ಕುಮಟಾ, ಅಂಕೋಲಾದಲ್ಲಿ ಕೊಂಕಣ ರೈಲು ಇದೆ, ಆದರೆ ಅದು ಕರಾವಳಿ ಉದ್ದಕ್ಕೆ ಓಡುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಹಾಗಾಗಿ ಘಟ್ಟ ಹತ್ತಿಸೋದು ಬಸ್. ಸೈಕಲ್ ಹಾಕಿಕೊಳ್ಳೋದು ಕಂಡಕ್ಟರ್ ಒಪ್ಪಿಗೆಗೆ ಬಿಟ್ಟದ್ದು. ರಶ್ ಇಲ್ಲದ ಹೊತ್ತಿಗೆ, ಬಸ್ ಹೊರಡುವ ಸ್ಟ್ಯಾಂಡಿನಲ್ಲೇ ಕೇಳಿ. ಎರಡೂ ಚಕ್ರ ಬಿಚ್ಚಿ, ಹಳೇ ಚಾದರದಲ್ಲಿ ಸುತ್ತಿಟ್ಟರೆ ಬೇಗ ಒಪ್ಪುತ್ತಾರೆ. ಲಗೇಜ್ ಟಿಕೆಟ್ ತಪ್ಪದೆ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗೆ ರೈಲು ಇದೆ. ಸೈಕಲ್ಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕು. ಗಾಡಿ ನಿಮ್ಮ ಸ್ಟೇಷನ್ನಿನಲ್ಲಿ ಸಾಮಾನು ಇಳಿಸುವಷ್ಟು ಹೊತ್ತು ನಿಲ್ಲುತ್ತದೋ ಇಲ್ಲವೋ ಅಂತ ಮೊದಲೇ ಕೇಳಿ.

ಸೈಕಲ್ ಮೇಲೇ ಘಟ್ಟ ಹತ್ತಿ ವಾಪಸ್ ಬರ್ತೀನಿ ಅನ್ನುವವರಿಗೆ, ಮೊದಲ ಸಲ ಬೇಡ.

ಸಮುದ್ರದ ಗಾಳಿಯ ಉಪ್ಪು ಚೈನಿಗೆ ತುಕ್ಕು ಹಿಡಿಸುತ್ತದೆ. ಮರಳಿನ ಮೇಲೆ ಫೋಟೋ ಹೊಡೆದ ಸಂಜೆಯೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ. ಮನೆ ಮುಟ್ಟಿದ ಮೇಲೆ ಬ್ರೇಕ್ ಪ್ಯಾಡ್ ಬಿಚ್ಚಿ, ಹೊರಡುವಾಗ ಇದ್ದ ದಪ್ಪದಲ್ಲಿ ಎಷ್ಟು ಸವೆದಿದೆ ನೋಡಿ, ಆ ಅಂಕಿಯನ್ನು ದಾರಿಯ ಚೀಟಿಯ ಹಿಂದೆ ಬರೆದಿಡಿ. ಮುಂದಿನ ಸಲ ಅರಬೈಲ್ ಇಳಿಯುವ ಆಸೆಯಾದಾಗ ಬೇಕಾಗುತ್ತದೆ.